ತೋಡಿಯ ಸುತ್ತ ಜಿಂಕೆ ಯಾಕೆ?

(ಚಿತ್ರಕಲೆ ಕುರಿತ ಓದುಗರ ಪ್ರಶ್ನೆಗಳಿಗೆ ಧಾರವಾಡದ ನಿವೃತ್ತ ಡ್ರಾಯಿಂಗ್ ಮಾಸ್ತರರ ಉತ್ತರ)

ಪ್ರಶ್ನೆ: ನಮ್ಮ ಭಾವ ಜೈಪುರದಿಂದ ಒಂದು ಹಳೆಯ ಚಿತ್ರದ ಪ್ರಿಂಟ್ ತಂದುಕೊಟ್ಟಿದ್ದಾರೆ. ಕಾಡಿನಲ್ಲಿ ಒಬ್ಬಳು ವೀಣೆ ಹಿಡಿದು ನಿಂತಿದ್ದಾಳೆ, ಸುತ್ತ ಜಿಂಕೆಗಳು. ಕೆಳಗೆ ‘ತೋಡಿ ರಾಗಿಣಿ’ ಅಂತಿದೆ. ನಾನು ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ತೋಡಿ ಹಾಡಿಕೊಂಡು ಎಷ್ಟು ನೋಡಿದರೂ ಎರಡಕ್ಕೂ ಸಂಬಂಧವೇ ಕಾಣುತ್ತಿಲ್ಲ.
– ಸಂಗೀತ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಕಾಣದಿದ್ದರೆ ತಪ್ಪು ನಿಮ್ಮದಲ್ಲ ತಾಯಿ. ಮೊದಲಿಗೆ, ಅದು ನೀವು ಹಾಡುವ ತೋಡಿಯೇ ಅಲ್ಲ. ಹಿಂದೂಸ್ತಾನಿಯವರು ಇವತ್ತು ತೋಡಿ ಅಂತ ಹಾಡುವುದರ ಸ್ವರಗಳು ನಿಮ್ಮ ಶುಭಪಂತುವರಾಳಿಯವು. ನಿಮ್ಮ ತೋಡಿಯ ಸ್ವರಗಳು ಅವರ ಭೈರವಿಯಲ್ಲಿ ಸಿಗುತ್ತವೆ. ಹಾಗಂತ ಶುಭಪಂತುವರಾಳಿ ಹಾಡಿಕೊಂಡು ನೋಡಿದರೂ ಜಿಂಕೆಯ ಗುಟ್ಟು ಬಿಚ್ಚುವುದಿಲ್ಲ. ಚಿತ್ರಗಾರ ಸ್ವರ ಕೇಳಿ ಬರೆದದ್ದಲ್ಲ ಅದು. ಅದರ ಬೇರು ಪದ್ಯದಲ್ಲಿದೆ.

ಒಂದೊಂದು ರಾಗಕ್ಕೂ ಒಂದೊಂದು ಧ್ಯಾನಶ್ಲೋಕ ಕಟ್ಟಿದ್ದರು. ರಾಗವನ್ನು ಒಬ್ಬ ದೇವರೋ, ನಾಯಕನೋ, ನಾಯಕಿಯೋ ಎಂದು ಕಲ್ಪಿಸಿ, ಅವರ ಮೈಬಣ್ಣ, ಉಡುಗೆ, ಜೊತೆಗಿರುವವರು ಎಲ್ಲವನ್ನೂ ಹೇಳುವ ಪದ್ಯ. ದಾಮೋದರನ ‘ಸಂಗೀತ ದರ್ಪಣ’ದಲ್ಲಿ ತೋಡಿಯ ಶ್ಲೋಕವಿದೆ. ಹಿಮದಂತೆ, ಕುಂದದ ಹೂವಿನಂತೆ ಬೆಳ್ಳಗಿನ ಮೈ. ಅದಕ್ಕೆ ಕೇಸರಿ, ಕರ್ಪೂರದ ಲೇಪ. ಕಾಡಿನ ಅಂಚಿನಲ್ಲಿ ವೀಣೆ ಹಿಡಿದು ಜಿಂಕೆಯನ್ನು ರಂಜಿಸುತ್ತಿರುವವಳೇ ತೋಡಿ. ನಿಮ್ಮ ಪ್ರಿಂಟ್‌ನಲ್ಲಿರುವುದು ಇಷ್ಟೂ ಇದೇ ಅಲ್ವಾ?

ಈಗ ಪದ್ಯದಲ್ಲಿ ಇಲ್ಲದ್ದನ್ನು ನೋಡಿ. ಚಿತ್ರಗಾರನ ಕೈಚಳಕ ಇರುವುದು ಅಲ್ಲಿ. ಎಷ್ಟೋ ತೋಡಿ ಚಿತ್ರಗಳಲ್ಲಿ ಅವಳು ಒಂಟಿ, ನಲ್ಲ ಹತ್ತಿರದಲ್ಲಿಲ್ಲ. ಕೇಳುವವರು ಯಾರೂ ಇಲ್ಲದ್ದಕ್ಕೆ ಜಿಂಕೆಗಳು ಬಂದು ಕೇಳುತ್ತಿವೆ. ವಿರಹ ಎಂದು ಬರೆದು ಹಚ್ಚಬೇಕಾಗಿಲ್ಲ. ವೀಣೆಯನ್ನೂ ಗಮನಿಸಿ. ನಿಮ್ಮ ಗುರುಗಳ ಮನೆಯ ವೀಣೆಯಲ್ಲ, ಎರಡು ಸೋರೆ ಬುರುಡೆಯ ರುದ್ರವೀಣೆ. ರಾಜಸ್ಥಾನದ ಚಿತ್ರಗಳಲ್ಲಿ ಎಷ್ಟೋ ಸಲ ಮೇಲಿನ ಹಳದಿ ಪಟ್ಟಿಯಲ್ಲಿ ಪದ್ಯ ಬರೆದಿರುತ್ತದೆ. ಪ್ರಿಂಟ್ ಹಾಕುವವರು ಮೊದಲು ಕತ್ತರಿಸುವುದೇ ಆ ಪಟ್ಟಿಯನ್ನು! ನನಗೆ ಮೈಯೆಲ್ಲ ಉರಿಯುತ್ತದೆ.

ಪ್ರಶ್ನೆ: ಹೆಸರು ಬರೆದಿರದಿದ್ದರೆ ಯಾವ ರಾಗ ಅಂತ ಗುರುತಿಸುವುದು ಹೇಗೆ? ಒಂದೇ ರಾಗದ ಚಿತ್ರಗಳೆಲ್ಲ ಒಂದೇ ಥರ ಇರುತ್ತವಲ್ಲ, ಅದು ನಕಲು ಅಲ್ವಾ?
– ಚಿತ್ರಕಲಾ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಯಕ್ಷಗಾನದಲ್ಲಿ ಕಿರೀಟ, ಮುಖವರ್ಣಿಕೆ ನೋಡಿ ಯಾವ ಥರದ ವೇಷ ಅಂತ ಹೇಳುತ್ತೇವಲ್ಲ, ಇಲ್ಲೂ ಹಾಗೇ. ಉಯ್ಯಾಲೆ ಕಂಡರೆ ಹಿಂದೋಳ. ನವಿಲುಗರಿಯ ಲಂಗ ಉಟ್ಟ ಶಬರ ಹೆಣ್ಣು, ಗಂಧದ ಮರದಿಂದ ಇಳಿದು ಅವಳ ಕಡೆ ಬರುವ ಹಾವುಗಳು ಇದ್ದರೆ ಆಸಾವರಿ. ಮಲಗಿದವಳನ್ನು ಬಿಟ್ಟು ನಸುಕಿನಲ್ಲಿ ಹೊರಟವನಿದ್ದರೆ ಲಲಿತ. ಕಂಬ ಹತ್ತುವ, ಗದೆ ತಿರುಗಿಸುವ ಪೈಲ್ವಾನರಿದ್ದರೆ ಅದು ದೇಶಾಖ್. ಸಂಗೀತದ ಚಿತ್ರದಲ್ಲಿ ಗರಡಿಮನೆ ನೋಡಿ ಶಾಲೆಯ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಎಲ್ಲಕ್ಕಿಂತ ಇಷ್ಟ ವಿಭಾಸ. ಬೆಳಗಾಯಿತೆಂದು ಕೂಗುವ ಹುಂಜಕ್ಕೆ ನಾಯಕ ಬಿಲ್ಲು ಹೂಡಿ ನಿಂತಿರುತ್ತಾನೆ. ರಾತ್ರಿ ಮುಗಿಯಬಾರದು ಅನ್ನುವ ಆಸೆಯನ್ನು ಇದಕ್ಕಿಂತ ತಮಾಷೆಯಾಗಿ ಯಾರು ಬರೆದಾರು?

ಆದರೆ ಈ ಗುರುತುಗಳೆಲ್ಲ ಹೆಚ್ಚಾಗಿ ರಾಜಸ್ಥಾನದ ಲೆಕ್ಕದವು. ಅಲ್ಲಿ 6 ರಾಗ, ಒಂದೊಂದಕ್ಕೆ 5 ರಾಗಿಣಿ (ಅಂದರೆ ಆ ರಾಗದ ಹೆಂಡತಿಯರು), ಒಟ್ಟು 36 ಚಿತ್ರ. ಹಿಮಾಲಯದ ತಪ್ಪಲಿನ ಪಹಾಡಿ ಚಿತ್ರಗಾರರು ಕ್ಷೇಮಕರ್ಣ 1570ರಲ್ಲಿ ಬರೆದ ಗ್ರಂಥ ಹಿಡಿದರು. ಅವನು ರಾಗಗಳಿಗೆ ಎಂಟೆಂಟು ಗಂಡುಮಕ್ಕಳನ್ನೂ ಸೇರಿಸಿ ಸಂಸಾರವನ್ನು 84ಕ್ಕೆ ಏರಿಸಿದ. ಪಹಾಡಿ ಚಿತ್ರ ಕೈಗೆ ಬಂದರೆ ನಾನು ಹೇಳಿದ ಈ ಗುರುತುಗಳನ್ನೇ ನಂಬಿ ಕೂರಬೇಡಿ.

ನಕಲಿನ ಮಾತಿಗೆ ಬರೋಣ. ಕಾಶಿ ಹತ್ತಿರದ ಚುನಾರದಲ್ಲಿ 1591ರಲ್ಲಿ ಒಂದು ರಾಗಮಾಲೆ, ಅಂದರೆ ಇಂಥ ರಾಗ-ರಾಗಿಣಿ ಚಿತ್ರಗಳ ಸರಣಿ, ಬರೆದರು. ಬರೆದವರು ಮೊಘಲ್ ಉಸ್ತಾದರಾದ ಮೀರ್ ಸಯ್ಯದ್ ಅಲಿ, ಅಬ್ದುಸ್ ಸಮದ್ ಅವರ ಶಿಷ್ಯರು. ಬೂಂದಿ, ಕೋಟಾದ ಚಿತ್ರಗಾರರು ತಲೆಮಾರುಗಳ ಕಾಲ ಅದೇ ಜೋಡಣೆ ಇಟ್ಟುಕೊಂಡು ಬರೆದರು. ಒಂದೇ ಬಂದಿಶನ್ನು ಇಬ್ಬರು ಹಾಡಿದರೆ ನೀವು ನಕಲು ಅನ್ನುತ್ತೀರಾ? ಸುಮ್ನೆ ಎರಡು ಚಿತ್ರ ಅಕ್ಕಪಕ್ಕ ಇಟ್ಟು ಆಕಾಶ, ಮರ, ಗೋಡೆಯ ಬಣ್ಣ ಹೋಲಿಸಿ. ಆಮೇಲೆ ಬರೆಯಿರಿ ನನಗೆ.

ಪ್ರಶ್ನೆ: ಇದೆಲ್ಲ ಉತ್ತರದವರ ಕಲೆ. ನಮ್ಮ ಕಡೆ ಏನೂ ಇರಲಿಲ್ಲವೇ?
– ಓದುಗರು, ವಿಜಯಪುರ

ಉತ್ತರ: ವಿಜಯಪುರದಲ್ಲಿ ಕೂತು ಈ ಪ್ರಶ್ನೆ ಕೇಳುತ್ತೀರಲ್ಲ ಮಾರಾಯರೇ! ನಿಮ್ಮೂರಿನ ಎರಡನೇ ಇಬ್ರಾಹಿಂ ಆದಿಲ್ ಶಾಹ (ಆಳಿದ್ದು 1580ರಿಂದ 1627) ‘ಕಿತಾಬ್-ಎ-ನೌರಸ್’ ಎಂಬ ಹಾಡಿನ ಪುಸ್ತಕವನ್ನೇ ಬರೆದ. ಭಾಷೆ ದಖನಿ, ಹಾಡುಗಳ ಜೋಡಣೆ ರಾಗದ ಪ್ರಕಾರ. ಅದರಲ್ಲಿ ಸರಸ್ವತಿ, ಗಣಪತಿ, ಕಲಬುರಗಿಯ ಸೂಫಿ ಸಂತ ಗೇಸುದರಾಜ್ ಎಲ್ಲರ ಸ್ತುತಿಯೂ ಇದೆ. ರಾಗಗಳನ್ನು ಮನುಷ್ಯರಂತೆ ಕಣ್ಣಿಗೆ ಕಟ್ಟಿಸುವ ಸಾಲುಗಳೂ ಇವೆ. ತನ್ನ ತಂಬೂರಿಗೆ ‘ಮೋತಿ ಖಾನ್’ ಅಂತ ಹೆಸರಿಟ್ಟಿದ್ದ ದೊರೆ ಅವನು. ಅವನ ಒಂದು ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲೂ ಕೈಯಲ್ಲಿರುವುದು ಕತ್ತಿಯಲ್ಲ, ತಾಳ.

ಹದಿನಾರನೇ ಶತಮಾನದ ಕೊನೆಗೆ ದಖನ್ನಿನಲ್ಲಿ ಬರೆದ ರಾಗಮಾಲೆಗಳೂ ಉಳಿದಿವೆ. ಬಿಜಾಪುರದವೋ ಅಹಮದ್‌ನಗರದವೋ ಎಂದು ಪಂಡಿತರು ಜಗಳವಾಡಿಕೊಳ್ಳಲಿ. ಆ ಬಣ್ಣದ ಸಿರಿಯ ಮುಂದೆ ನನಗೆ ರಾಜಸ್ಥಾನದ್ದು ಸ್ವಲ್ಪ ಸಪ್ಪೆ ಅನ್ನಿಸುತ್ತದೆ. ನಾನು ಈ ಕಡೆಯವನು, ಪಕ್ಷಪಾತ ಇದ್ದರೆ ಇರಲಿ ಬಿಡಿ.

ಪ್ರಶ್ನೆ: ಮೇಘ ರಾಗದ ಚಿತ್ರ ಮನೆಯಲ್ಲಿ ಹಾಕಿದರೆ ಒಳ್ಳೆಯದಂತೆ, ಹೌದೇ? ಯಾವ ದಿಕ್ಕಿಗೆ ಹಾಕಬೇಕು?
– ಗೃಹಿಣಿ, ದಾವಣಗೆರೆ

ಉತ್ತರ: ಮಳೆಮೋಡದ ಕೆಳಗೆ ನೀಲಿ ಮೈಯ ಕೃಷ್ಣ ಕುಣಿಯುವ ಚಿತ್ರ ತಾನೇ? ಕಣ್ಣಿಗೆ ಖಂಡಿತ ಒಳ್ಳೆಯದು. ರಾಗಮಾಲೆಯ ಹಾಳೆಗಳನ್ನು ಗೋಡೆಗೆ ತೂಗಲು ಬರೆಯುತ್ತಿರಲಿಲ್ಲ. ಕಟ್ಟು ಕಟ್ಟಿ ಇಟ್ಟು, ಬೇಕಾದಾಗ ತೆಗೆದು ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಬೆಳಕು ಜಾಸ್ತಿ ತಾಗದೆ ಇದ್ದದ್ದಕ್ಕೇ ಎಷ್ಟೋ ಚಿತ್ರಗಳ ಬಣ್ಣ ಇವತ್ತಿಗೂ ಗಟ್ಟಿಯಾಗಿದೆ. ನಿಮ್ಮದು ಪ್ರಿಂಟ್ ಆದರೆ ಬಿಸಿಲು ಬೀಳದ ಯಾವ ಗೋಡೆಯಾದರೂ ಸರಿ. ದಿಕ್ಕಿನ ಪ್ರಶ್ನೆಯನ್ನು ಪಕ್ಕದ ಪುಟದ ಜ್ಯೋತಿಷಿಗಳಿಗೆ ಕಳಿಸಿದ್ದೇನೆ.