ಕಸ್ಟಮ್ಸ್‌ನವರಿಗೆ ವಾರಂಟ್ ಬೇಕಿಲ್ಲ, ನಿಮ್ಮ ಸಹಿ ಬೇಕು

ನಿಮ್ಮ ಹಾಗೆ ನಾನೂ ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜಿನ ಮುಂದೆ ನಿಂತು "ವಾರಂಟ್ ಎಲ್ಲದ, ತೋರಸ್ರಿ" ಅಂತ ಕೂಗಿದವನೇ. 2018ರ ನವೆಂಬರ್. ಸೌದಿಯ ದಮಾಮ್‌ನಲ್ಲಿ ಎರಡು ವರ್ಷ ದುಡಿದು ತಂಗಿಯ ಮದುವೆಗೆ ಹುಮ್ನಾಬಾದಿಗೆ ಬರುತ್ತಿದ್ದೆ. ಯಾವ ವಿಮಾನ ನಿಲ್ದಾಣ ಅಂತ ಬರೆಯುವುದಿಲ್ಲ. ಚೆಕ್-ಇನ್ ಬ್ಯಾಗಿನಲ್ಲಿ ಹಾಲಿನ ಪುಡಿಯ ಡಬ್ಬಿ, ಅದರೊಳಗೆ ಒಂದು ಜೊತೆ ಚಿನ್ನದ ಪಾಟ್ಲಿ ಬಳೆ, 36 ಗ್ರಾಂ. ದಾರಿಯಲ್ಲಿ ಯಾರಾದರೂ ಕದ್ದಾರು ಅಂತ ಡಬ್ಬಿಯಲ್ಲಿ ಇಟ್ಟಿದ್ದೆ. ಎಕ್ಸ್‌ರೇ ಯಂತ್ರದಲ್ಲಿ ಅದು ಕಳ್ಳರಿಂದ ಬಚ್ಚಿಟ್ಟದ್ದೋ ಸರ್ಕಾರದಿಂದ ಬಚ್ಚಿಟ್ಟದ್ದೋ ತಿಳಿಯುವುದಿಲ್ಲ. ಅಧಿಕಾರಿ ಹಳೇ ಪೇಪರ್ ಹಾಸಿ ಪುಡಿ ಸುರಿದರು. ಎರಡು ಬಿಳಿ ಬಳೆ ಹೊರಬಿದ್ದವು.

ನೀವು ಕೇಳಿದ್ದು: ವಾರಂಟ್ ಇಲ್ಲದೆ ಬ್ಯಾಗ್ ಬಿಚ್ಚಿಸಿದರು, ಎದುರು ಮಾತಾಡಿದ್ದಕ್ಕೆ ಮೂರು ತಾಸು ಕೂರಿಸಿದರು, ಚಿನ್ನದ ಸರ ಇಟ್ಟುಕೊಂಡು ಚೀಟಿ ಕೊಟ್ಟರು, ಈಗ ಪೊಲೀಸರಿಗೆ ದೂರು ಕೊಡಲೋ ವಕೀಲರನ್ನು ಹಿಡಿಯಲೋ ಅಂತ. ವಾರಂಟಿನ ಮಾತು ಮೊದಲು ಬಿಡ್ರಿ. 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಬ್ಯಾಗೇಜ್ ತೆಗೆದು ನೋಡಲು ವಾರಂಟ್ ಬೇಕಿಲ್ಲ. 77ನೇ ಕಲಂ ಪ್ರಕಾರ ಬ್ಯಾಗಿನಲ್ಲಿ ಏನಿದೆ ಅಂತ ಹೇಳುವ ಹೊಣೆ ನಮ್ಮದು. ಹಸಿರು ಚಾನೆಲ್‌ನಲ್ಲಿ ಕಾಲಿಟ್ಟರೆ "ಸುಂಕ ಕಟ್ಟುವಂಥದ್ದು ನನ್ನ ಹತ್ತಿರ ಏನೂ ಇಲ್ಲ" ಅಂತ ಹೇಳಿದ ಹಾಗೇ.

ಮೈ ತಪಾಸಣೆಯ ಲೆಕ್ಕ ಬೇರೆ. ಮೈಮೇಲೆ ಏನೋ ಬಚ್ಚಿಟ್ಟಿದ್ದಾರೆ ಎಂದು ನಂಬಲು ಕಾರಣ ಇದ್ದರೆ 100ನೇ ಕಲಂ ಅವರಿಗೆ ಆ ಅಧಿಕಾರ ಕೊಡುತ್ತದೆ. ಆದರೆ 102ನೇ ಕಲಂ ನಮಗೂ ಕೊಡುತ್ತದೆ: "ನನ್ನನ್ನು ಕಸ್ಟಮ್ಸ್‌ನ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಕರಕೊಂಡು ಹೋಗಿ" ಎಂದು ಕೇಳಬಹುದು. ಇನ್‌ಸ್ಪೆಕ್ಟರ್ ಗೆಜೆಟೆಡ್ ಅಲ್ಲ, ಸೂಪರಿಂಟೆಂಡೆಂಟ್ ಗೆಜೆಟೆಡ್. ತಪಾಸಣೆಗೆ ತಕ್ಕ ಕಾರಣವಿಲ್ಲ ಅನ್ನಿಸಿದರೆ ಆ ಅಧಿಕಾರಿ ಅಲ್ಲೇ ಬಿಟ್ಟು ಕಳಿಸಬೇಕು. ತಪಾಸಣೆ ಇಬ್ಬರು ಸಾಕ್ಷಿಗಳ ಮುಂದೆ ಆಗಬೇಕು, ಸಿಕ್ಕಿದ್ದರ ಪಟ್ಟಿ ಬರೆದು ಸಹಿ ಆಗಬೇಕು, ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ ತಪಾಸಣೆ ಮಾಡಬೇಕು. ಇದನ್ನು ಕೂಗಿ ಕೇಳಬೇಕಿಲ್ಲ. "ಸರ್, 102ರ ಪ್ರಕಾರ ಸೂಪರಿಂಟೆಂಡೆಂಟ್ ಸಾಹೇಬರ ಮುಂದೆ ಮಾಡ್ರಿ" ಅಂದರೆ ಸಾಕು.

ಕೂಗಿದರೆ ಏನಾಗುತ್ತದೆ ಅಂತ ನನಗೂ ಗೊತ್ತು, ನಿಮಗೂ ಗೊತ್ತಾಯಿತು. ಕೂರಿಸುತ್ತಾರೆ. ಒರಟಾಗಿ ಮಾತಾಡಿದ್ದೇ ಅಪರಾಧ ಆಗುವುದಿಲ್ಲ. ಆದರೆ ಬ್ಯಾಗ್ ಕಸಿದುಕೊಂಡರೆ, ಕೈ ಅಡ್ಡ ಹಿಡಿದರೆ 133ನೇ ಕಲಂ ಬರುತ್ತದೆ, ಎರಡು ವರ್ಷದವರೆಗೆ ಶಿಕ್ಷೆ. ಅವರಿಗೂ 136 ಇದೆ. ನಂಬಲು ಕಾರಣವೇ ಇಲ್ಲದೆ ಮೈ ತಪಾಸಣೆ ಮಾಡಿಸಿದ ಅಧಿಕಾರಿಗೆ ಆರು ತಿಂಗಳವರೆಗೆ ಶಿಕ್ಷೆ ಆಗಬಹುದು. ಅದು ಕಾಗದದ ಮೇಲೆ ಗೆಲ್ಲುವ ಮಾತು, ನಡುರಾತ್ರಿ ಬೆಲ್ಟ್ ಪಕ್ಕದಲ್ಲಿ ಅಲ್ಲ.

ನನ್ನನ್ನು ಮುಳುಗಿಸಿದ್ದು ಡಬ್ಬಿಯೂ ಅಲ್ಲ, ಕೂಗಾಟವೂ ಅಲ್ಲ. ಬೆಳಗಿನ ನಾಲ್ಕಕ್ಕೆ ಹಾಕಿದ ಮೂರು ಸಹಿ. ಹೊರಗೆ ಮಾವ ಕ್ರೂಸರ್ ಮಾಡಿಕೊಂಡು ಬಂದು ಕಾಯುತ್ತಿದ್ದರು, ಫೋನ್ ಮೇಲೆ ಫೋನ್. "ಸಹಿ ಮಾಡು, ಹೋಗು" ಅಂದರು. ಮಾಡಿದೆ. ಒಂದೂ ಓದಲಿಲ್ಲ.

ಮೊದಲನೇದು ಚಿನ್ನ ಇಟ್ಟುಕೊಂಡ ಚೀಟಿ. ಅದು ಸರಿ ಇತ್ತು. ಎರಡನೇದು 108ನೇ ಕಲಂ ಹೇಳಿಕೆ. "ಸುಂಕ ತಪ್ಪಿಸುವ ಉದ್ದೇಶದಿಂದ ಗೊತ್ತಿದ್ದೂ ಬಚ್ಚಿಟ್ಟು ತಂದೆ" ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಹಾಗೆ ಹೇಳಿರಲಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅಂತ ನಮ್ಮ ಮಂದಿಗೆ ಗೊತ್ತು, ಅದೇ ಧೈರ್ಯ ಇಲ್ಲೂ ಇಟ್ಟುಕೊಳ್ಳುತ್ತಾರೆ. ಕಸ್ಟಮ್ಸ್ ಅಧಿಕಾರಿ ಪೊಲೀಸ್ ಅಲ್ಲ, ಅವರ ಮುಂದೆ ಕೊಟ್ಟ 108ರ ಹೇಳಿಕೆ ಸಾಕ್ಷ್ಯವಾಗಿ ನಿಲ್ಲುತ್ತದೆ. ಮೂರನೇದು ಅಚ್ಚು ಹಾಕಿದ ಫಾರಂ: ನನಗೆ ಷೋಕಾಸ್ ನೋಟಿಸ್ (ಯಾಕೆ ಕ್ರಮ ತೆಗೆದುಕೊಳ್ಳಬಾರದು ಅಂತ ಕೇಳುವ ನೋಟಿಸ್) ಬೇಡ, ವಿಚಾರಣೆ ಬೇಡ. ಅಂದರೆ ಮದುವೆಯ ಖರೀದಿ ಚೀಟಿ, ಸಂಬಳದ ಸ್ಲಿಪ್ಪು ತೋರಿಸಿ ಮಾತಾಡುವ ಬಾಗಿಲನ್ನು ನಾನೇ ಮುಚ್ಚಿದ್ದೆ.

ಲೆಕ್ಕ ಕೇಳ್ರಿ. ಆಗ ಗ್ರಾಂಗೆ ಮೂರು ಸಾವಿರದ ಹತ್ತಿರ, ಪಾಟ್ಲಿ ಒಂದು ಲಕ್ಷ ಎಂಟು ಸಾವಿರ. 2016ರ ಬ್ಯಾಗೇಜ್ ನಿಯಮದಲ್ಲಿ ಒಂದು ವರ್ಷದ ಮೇಲೆ ಹೊರಗಿದ್ದು ಬರುವ ಗಂಡಸಿಗೆ 20 ಗ್ರಾಂ ಆಭರಣ ಬಿಟ್ಟಿ ಇತ್ತು, ಆದರೆ 50,000 ರೂಪಾಯಿ ದಾಟಬಾರದಿತ್ತು. ಹೆಣ್ಣುಮಕ್ಕಳಿಗೆ 40 ಗ್ರಾಂ, ಒಂದು ಲಕ್ಷ. ಎಲ್ಲರೂ ತೂಕ ಅಷ್ಟೇ ನೆನಪಿಡುತ್ತಿದ್ದರು, ರೊಕ್ಕದ ಮಿತಿ ಮರೆಯುತ್ತಿದ್ದರು. ಮನೆಯವಳ 40 ಗ್ರಾಂ ನನ್ನ ಲೆಕ್ಕಕ್ಕೂ ಬರುವುದಿಲ್ಲ. ಈ ಮಿತಿಗಳು ಆಗಾಗ ಬದಲಾಗುತ್ತವೆ, ಟಿಕೆಟ್ ಮಾಡಿಸಿದ ವಾರವೇ ನೋಡಿಕೊಳ್ಳಬೇಕು. ಇನ್ನು ಆರು ತಿಂಗಳ ಮೇಲೆ ಹೊರಗಿದ್ದ ಭಾರತೀಯ ಪಾಸ್‌ಪೋರ್ಟಿನವರಿಗೆ ಆಗ ಚಿನ್ನಕ್ಕೆ ಶೇಕಡಾ ಹತ್ತರ ಆಸುಪಾಸಿನ ರಿಯಾಯಿತಿ ಸುಂಕ ಇತ್ತು, ವಿದೇಶಿ ನೋಟಿನಲ್ಲಿ ಕಟ್ಟಬೇಕಿತ್ತು. ಸುಂಕದ ಸಾಮಾನು ಇದೆ ಅಂತ ಹೇಳುವವರ ಕೆಂಪು ಚಾನೆಲ್‌ಗೆ ಹೋಗಿದ್ದರೆ ಹೆಚ್ಚೆಂದರೆ ಹನ್ನೊಂದು ಹನ್ನೆರಡು ಸಾವಿರ. ಜೇಬಿನಲ್ಲಿ ಅಷ್ಟು ರಿಯಾಲ್ ಇತ್ತು. ಕೊನೆಗೆ ಸುಂಕ, ದಂಡ, ಬಿಡಿಸಿಕೊಳ್ಳುವ ಜುಲ್ಮಾನೆ ಸೇರಿ ಎಪ್ಪತ್ತು ಸಾವಿರದ ಹತ್ತಿರ ಹೋಯಿತು. ತಂಗಿ ಪಾಟ್ಲಿ ಇಲ್ಲದೆ ಹಸೆ ಮೇಲೆ ಕೂತಳು.

ಕೈಯಲ್ಲಿ ಅಷ್ಟು ರೊಕ್ಕ ಇಲ್ಲದಿದ್ದರೂ ಕೆಂಪು ಚಾನೆಲ್ಲೇ ಸರಿ. ನಿಜ ಹೇಳಿ ಡಿಕ್ಲೇರ್ ಮಾಡಿದವರಿಗೆ 80ನೇ ಕಲಂ ಇದೆ: ಸಾಮಾನು ಅಲ್ಲೇ ಇಟ್ಟುಕೊಳ್ಳಿ, ವಾಪಸ್ ಹೋಗುವಾಗ ಒಯ್ಯುತ್ತೇನೆ ಎಂದು ಕೇಳಬಹುದು. ಹಸಿರಿನಲ್ಲಿ ನಡೆದವನಿಗೆ ಆ ದಾರಿ ಇಲ್ಲ.

ಈಗ ನಿಮ್ಮ ಸರ. ಪೊಲೀಸ್ ಠಾಣೆಗೆ ಹೋಗಬೇಡಿ, ಅವರಿಂದ ಏನೂ ಆಗುವುದಿಲ್ಲ. ವಕೀಲರು ನೋಟಿಸ್ ಬಂದ ಮೇಲೆ ಬೇಕಾಗುತ್ತಾರೆ. ಇವತ್ತು ಬೇಕಿರುವುದು ಒಂದು ಪತ್ರ. ಆ ರಾತ್ರಿ ಯಾವ ಯಾವ ಕಾಗದಕ್ಕೆ ಸಹಿ ಹಾಕಿದಿರಿ ನೆನಪಿಸಿಕೊಳ್ಳಿ. ಓದದೆ ಹೇಳಿಕೆಗೆ ಸಹಿ ಮಾಡಿದ್ದರೆ, "ಹೇಳಿಕೆ ನನ್ನ ಮಾತಿನಲ್ಲಿ ಇಲ್ಲ, ಓದಿ ಹೇಳಲಿಲ್ಲ, ಹಿಂತೆಗೆದುಕೊಳ್ಳುತ್ತೇನೆ, ಪ್ರತಿ ಕೊಡಿ" ಎಂದು ವಿಮಾನ ನಿಲ್ದಾಣದ ಕಸ್ಟಮ್ಸ್ ಡೆಪ್ಯುಟಿ ಕಮಿಷನರಿಗೆ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಮುಟ್ಟಿದ ರುಜುವಾತು ತೆಗೆದಿಡಿ. ತಡ ಮಾಡಿದಷ್ಟೂ ಅದಕ್ಕೆ ಬೆಲೆ ಕಮ್ಮಿ. ನಾನು ನಾಲ್ಕು ತಿಂಗಳ ಮೇಲೆ ಬರೆದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ಪತ್ರದಲ್ಲಿ ನೋಟಿಸ್ ಬೇಕು, ವಿಚಾರಣೆ ಬೇಕು ಅಂತಲೂ ಬರೆಯಿರಿ. ಅಚ್ಚಿನ ಫಾರಂ ಮೇಲೆ ಸಹಿ ಮಾಡಿಸಿ ಈ ಹಕ್ಕು ಕಸಿಯುವುದು ಕಾನೂನಿಗೆ ವಿರುದ್ಧ ಅಂತ ದೆಹಲಿ ಹೈಕೋರ್ಟ್ 2025ರಲ್ಲಿ ಹೇಳಿದೆ. ಅದನ್ನು ಉಲ್ಲೇಖಿಸಿ.

ಸರ ವಶಪಡಿಸಿಕೊಂಡ ದಿನದಿಂದ ಆರು ತಿಂಗಳೊಳಗೆ ನೋಟಿಸ್ ಬರಬೇಕು. ಕಾರಣ ಬರೆದು ಇನ್ನಾರು ತಿಂಗಳು ಮುಂದೂಡಬಹುದು, ಆದರೆ ಅದನ್ನು ನಿಮಗೆ ತಿಳಿಸಬೇಕು. ಎರಡೂ ಇಲ್ಲದಿದ್ದರೆ ಸಾಮಾನು ವಾಪಸ್ ಕೇಳುವ ಹಕ್ಕು ನಿಮ್ಮದು, 110ನೇ ಕಲಂ. ಆದೇಶ ಬಂದರೆ ಕಮಿಷನರ್ (ಅಪೀಲ್ಸ್) ಮುಂದೆ ಅಪೀಲು ಹಾಕಲು 60 ದಿನ. ಅಲ್ಲಿ ಸೋತರೆ ಬ್ಯಾಗೇಜ್ ಪ್ರಕರಣ ಟ್ರಿಬ್ಯೂನಲ್‌ಗೆ ಹೋಗುವುದಿಲ್ಲ, ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳೊಳಗೆ ರಿವಿಜನ್ (ಮರುಪರಿಶೀಲನೆ) ಅರ್ಜಿ ಹಾಕಬೇಕು. ಕೆಟ್ಟ ಮಾತಾಡಿದ್ದಕ್ಕೆ ಪ್ರತ್ಯೇಕ ದೂರು ಕೇಂದ್ರ ಸರ್ಕಾರದ ದೂರಿನ ವೆಬ್‌ಸೈಟ್ ಸಿಪಿಗ್ರಾಮ್ಸ್‌ನಲ್ಲಿ ಹಾಕಿ: ತಾರೀಖು, ವಿಮಾನದ ನಂಬರು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಕೂರಿಸಿದರು, ಬಿಳಿ ಯೂನಿಫಾರ್ಮಿನ ಮೇಲಿದ್ದ ಹೆಸರು. ಸರದ ಪತ್ರದೊಳಗೆ ಅದನ್ನು ಬೆರೆಸಬೇಡಿ.

ಆ ಚೀಟಿ ತೆಗೆದು ತೂಕ ನೋಡಿ. ನನಗೆ ಕೊಟ್ಟದ್ದು ಕಾರ್ಬನ್ ಪ್ರತಿ. ಪಾಟ್ಲಿ ಬಿಡಿಸಿಕೊಳ್ಳಲು ಹೋದ ದಿನ 36ರ ಮುಂದಿನ ಅಂಕಿಗಳು ಮಾಸಿ ಹೋಗಿದ್ದವು, ಅರಗಿನ ಮುದ್ರೆ ಒಡೆದು ತಕ್ಕಡಿಗೆ ಇಟ್ಟಾಗ ಹೋಲಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಇವತ್ತೇ ಎರಡು ಜೆರಾಕ್ಸ್ ಮಾಡಿಸಿ, ಫೋಟೋನೂ ತೆಗೆದಿಟ್ಟುಕೊಳ್ರಿ.