ಎಲೆ ಮರೆಯ ಗಿಳಿ ಕ್ಯಾಮೆರಾಗೆ ಸಿಗಲು

ಕಿಟಕಿಯಿಂದ ತೆಗೆದ ಗಿಳಿಗಳೆಲ್ಲ ಮಸುಕು, ಇಲ್ಲವೇ ಎಲೆಗಳಲ್ಲೇ ಕರಗಿಹೋಗುತ್ತವೆ ಅಂದಿದ್ದೀರಿ. ಮಸುಕಿಗೆ ನನ್ನ ಮೊದಲ ಅನುಮಾನ ಶಟರ್ ವೇಗದ ಮೇಲೆ, ಅಂದರೆ ಚಿತ್ರ ತೆಗೆಯುವಾಗ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತಿನ ಮೇಲೆ. ಕೂತ ಗಿಳಿಗೂ 1/500 ಸೆಕೆಂಡ್ ಇಡಿ, ಅದು ತಲೆ ಆಡಿಸೋದು ನಿಲ್ಲಿಸುವುದೇ ಇಲ್ಲ. ಹಾರುವಾಗಲಂತೂ 1/2000. ಬೆಳಕು ಸಾಲದಿದ್ದರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂಬ ಸೆಟ್ಟಿಂಗ್) ಏರಿಸಿ. ಅದರಿಂದ ಚುಕ್ಕೆಚುಕ್ಕೆಯಾದ ಚಿತ್ರವನ್ನು ಆಮೇಲೆ ತಿದ್ದಬಹುದು, ಅಲುಗಿದ್ದನ್ನು ತಿದ್ದುವುದು ಕಷ್ಟ. ಕಿಟಕಿಯ ಗಾಜಿನಲ್ಲಿ ಪ್ರತಿಬಿಂಬ ಬೀಳದಂತೆ ಲೆನ್ಸನ್ನು ಗಾಜಿಗೆ ಬಹುತೇಕ ತಾಗಿಸಿ ಹಿಡಿಯಿರಿ, ಕೋಣೆಯ ದೀಪ ಆರಿಸಿ.

ಹಸಿರಿನ ಸಮಸ್ಯೆಗೆ ಕ್ಯಾಮೆರಾಗಿಂತ ತಾಳ್ಮೆ ಬೇಕು. ಎರಡು ಮೂರು ದಿನ ಬರೀ ನೋಡಿ. ತಿನ್ನಲು ಇಳಿಯುವ ಮುಂಚೆ ಅವು ಯಾವುದಾದರೂ ಬೋಳು ಕೊಂಬೆಯಲ್ಲಿ ಕೂರುತ್ತಿದ್ದರೆ, ಫೋಕಸ್ ಅಲ್ಲೇ ಇಟ್ಟು ಕಾಯಿರಿ. ಹಿಂದಿನ ಎಲೆಗಳು ದೂರವಿದ್ದಷ್ಟೂ ಹಕ್ಕಿ ಎದ್ದು ಕಾಣುತ್ತದೆ. ಫ್ಲ್ಯಾಶ್ ಮಾತ್ರ ಬೇಡ.