ಫಾರ್ಮ್ಯಾಟ್ ಮಾಡ್ಬೇಡಿ, ಮೊದಲು ಹಳೆ ಕರ್ನಲ್ ಎಬ್ಬಿಸಿ ನೋಡಿ

ತಡೀರಿ ಸ್ವಲ್ಪ! ಉಬುಂಟು ಲಿನಕ್ಸ್ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಮಾಡಿದ ಮೇಲೆ ಕರ್ನಲ್ ಪ್ಯಾನಿಕ್ (ಸಿಸ್ಟಮ್‌ನ ತಿರುಳಾದ ಕರ್ನಲ್ಲೇ ಮುಂದುವರಿಯಲಾಗದೆ ನಿಲ್ಲೋದು) ಬರ್ತಿದೆ, 'ಅನ್‌ನೋನ್ ಬ್ಲಾಕ್ 0,0' ಅಂತ ತೋರಿಸ್ತಿದೆ, ಡಿಸ್ಕ್ ಹೋಗಿರಬೇಕು, ಇವತ್ತು ರಾತ್ರಿ ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀನಿ ಅಂತ ಬರೆದಿದ್ದೀರಲ್ಲ, ಓದಿ ಕರುಳು ಚುರ್ರೆಂದಿತು. ನಾನೂ ಇದೇ ಮೆಸೇಜ್ ನೋಡಿ ಹೆದರಿ ಇದನ್ನೇ ಮಾಡಿದ್ದೆ. ಎರಡು ವರ್ಷದ ಫೋಟೋ ಹೋದವು. ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಕರ್ನಲ್ ಫೈಲ್‌ಗಳು ಇರೋ /ಬೂಟ್ ಜಾಗ ತುಂಬಿತ್ತು, ಅಷ್ಟೇ.

ಆ 0,0 ಬಂತು ಅಂದರೆ ಹೆಚ್ಚಾಗಿ ಹೊಸ ಕರ್ನಲ್‌ಗೆ ಇನಿಟ್‌ಆರ್‌ಡಿ (ಬೂಟ್ ಆಗುವಾಗ ಡಿಸ್ಕ್ ಹುಡುಕಿ ತೆರೆಯಲು ಕರ್ನಲ್‌ಗೆ ಬೇಕಾದ ಫೈಲ್) ಇಲ್ಲ ಅಂತ ಅರ್ಥ. ಕರ್ನಲ್ ಫೈಲ್ ಬಂದು ಕೂತಿರುತ್ತದೆ, ಇನಿಟ್‌ಆರ್‌ಡಿ ಬರೆಯಲು ಜಾಗ ಸಾಲದೆ ಅರ್ಧಕ್ಕೆ ನಿಂತಿರುತ್ತದೆ, ಆ ಎರರ್ ಸಾಲು ಟರ್ಮಿನಲ್‌ನಲ್ಲಿ ಮೇಲೆ ಹೋಗಿಬಿಟ್ಟಿರುತ್ತದೆ, ನಾವು ಓದದೆ ರೀಸ್ಟಾರ್ಟ್ ಒತ್ತಿರುತ್ತೇವೆ. ನೀವೂ ಓದಿರಲ್ಲ ಬಿಡಿ.

ಕಂಪ್ಯೂಟರ್ ಆನ್ ಆಗುವಾಗ ಯಾವ ಕರ್ನಲ್ ಅಂತ ಆರಿಸೋ ಗ್ರಬ್ ಮೆನು ತೆರೆಯಿರಿ. ಹೊಸ ಕಂಪ್ಯೂಟರ್‌ಗಳಲ್ಲಿರೋ ಯುಇಎಫ್‌ಐ ಆದರೆ ಎಸ್ಕೇಪ್ ಕೀ, ಹಳೆ ಬಯಾಸ್ ಆದರೆ ಶಿಫ್ಟ್ ಕೀ. ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಎದ್ದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಆಮೇಲೆ ಟರ್ಮಿನಲ್‌ನಲ್ಲಿ 'ಡಿಎಫ್' (ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸೋ ಕಮಾಂಡ್) ಹಾಕಿ /ಬೂಟ್ ನೋಡಿ. ನೂರಕ್ಕೆ ನೂರು ಇದ್ದರೆ ಕಳ್ಳ ಸಿಕ್ಕಿದ. ಬೇಡದ ಹಳೆ ಕರ್ನಲ್ ತೆಗೆಯೋ ಆಟೋರಿಮೂವ್ ಓಡಿಸಿ. ಆ್ಯಪ್ಟ್ (ಸಾಫ್ಟ್‌ವೇರ್ ಹಾಕೋ, ತೆಗೆಯೋ ಸಾಧನ) ತಾನೇ ಸಿಕ್ಕಿಹಾಕಿಕೊಂಡು ಅದೂ ಆಗಲ್ಲ ಅಂದರೆ, ತುಂಬಾ ಹಳೆಯ ಕರ್ನಲ್‌ನ ಇನಿಟ್‌ಆರ್‌ಡಿ ಒಂದನ್ನು ಕೈಯಿಂದಲೇ ಅಳಿಸಿ ಜಾಗ ಮಾಡಿಕೊಳ್ಳಿ. ಆದರೆ ಮೊದಲು 'ಯುನೇಮ್ -ಆರ್' ಹಾಕಿ ಈಗ ಓಡುತ್ತಿರೋದು ಯಾವುದು ಅಂತ ನೋಡಿ, ಅದನ್ನು ಮಾತ್ರ ಮುಟ್ಟಬೇಡಿ. ಕೂತ ಕೊಂಬೆ ಕಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಆಮೇಲೆ ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಮುಗಿಸೋ ಡಿಪಿಕೆಜಿ ಕಾನ್ಫಿಗರ್, ಇನಿಟ್‌ಆರ್‌ಡಿ ಹೊಸದಾಗಿ ಮಾಡೋ ಇನಿಟ್‌ರ‍್ಯಾಮ್‌ಎಫ್‌ಎಸ್ ಅಪ್‌ಡೇಟ್, ಮೆನು ಹೊಸದಾಗಿ ಬರೆಯೋ ಅಪ್‌ಡೇಟ್ ಗ್ರಬ್. ಇದೇ ಕ್ರಮದಲ್ಲಿ.

ಹಳೆ ಕರ್ನಲ್ಲೂ ಏಳಲಿಲ್ಲವಾ? ಲೈವ್ ಪೆನ್‌ಡ್ರೈವ್‌ನಿಂದ (ಡಿಸ್ಕ್ ಮುಟ್ಟದೆ ಅದರಿಂದಲೇ ಲಿನಕ್ಸ್ ಓಡಿಸಬಹುದು) ಎದ್ದು ಕ್ರೂಟ್ ಮಾಡಿ, ಅಂದರೆ ಡಿಸ್ಕ್‌ನಲ್ಲಿರೋ ಸಿಸ್ಟಮ್ ಒಳಗೆ ಹೊಕ್ಕು ಅಲ್ಲಿಂದ ಕಮಾಂಡ್ ಓಡಿಸಿ. ನನ್ನ ಪ್ರಕಾರ ಇದೊಂದು ಬಂದರೆ ಫಾರ್ಮ್ಯಾಟ್ ಅನ್ನೋ ಮಾತೇ ಬರಲ್ಲ. ಆದರೆ ಮೊದಲ ಸಲ ಇದರಲ್ಲೂ ಎಡವಿದ್ದೆ. ರೂಟ್ (ಸಿಸ್ಟಮ್ ಇರೋ ಪಾರ್ಟಿಷನ್) ಮೌಂಟ್ ಮಾಡಿದೆ, ಅಂದರೆ ಜೋಡಿಸಿದೆ, ಓಡ್ತಿರೋ ಸಿಸ್ಟಮ್‌ನ ಡೆವ್, ಪ್ರಾಕ್, ಸಿಸ್ ಫೋಲ್ಡರ್‌ಗಳನ್ನು ಅದಕ್ಕೆ ಬೈಂಡ್ ಮಾಡಿದೆ, ಒಳಗೆ ಹೋಗಿ ಇನಿಟ್‌ಆರ್‌ಡಿ ಹೊಸದಾಗಿ ಮಾಡಿದೆ, ಒಂದೂ ಎರರ್ ಇಲ್ಲ, ರೀಸ್ಟಾರ್ಟ್ ಮಾಡಿದರೆ ಮತ್ತದೇ ಪ್ಯಾನಿಕ್. ರಾತ್ರಿಯೆಲ್ಲಾ ನಾಲ್ಕು ಸಲ ಮಾಡಿದೆ. ಬೆಳಗ್ಗೆ ಹೊಳೆಯಿತು: ಬೇರೆ ಪಾರ್ಟಿಷನ್ ಆಗಿದ್ದ /ಬೂಟನ್ನು ಮೌಂಟ್ ಮಾಡೋದೇ ಮರೆತಿದ್ದೆ. ಇನಿಟ್‌ಆರ್‌ಡಿ ಎಲ್ಲಾ ರೂಟ್ ಒಳಗಿನ ಖಾಲಿ ಬೂಟ್ ಫೋಲ್ಡರ್‌ಗೆ ಹೋಗಿ ಬೀಳ್ತಿತ್ತು, ಗ್ರಬ್ ಓದೋ ಜಾಗಕ್ಕೆ ಒಂದು ಬೈಟೂ ಹೋಗಿರಲಿಲ್ಲ. ಹಾಗಾಗಿ ರೂಟ್, ಆಮೇಲೆ /ಬೂಟ್, ಅದರ ಮೇಲೆ ಇಎಫ್‌ಐ (ಯುಇಎಫ್‌ಐ ಓದೋ ಬೂಟ್ ಫೈಲ್ ಇರೋ ಪಾರ್ಟಿಷನ್). ಮೌಂಟ್ ಆಯಿತಾ ಅಂತ ಒಳಗಿನ ಫೈಲ್ ನೋಡಿ ಖಚಿತ ಮಾಡಿಕೊಂಡೇ ಮುಂದೆ ಹೋಗಿ.

ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದೀರಾ? ಹಾಗಿದ್ದರೆ ಇನ್ನೊಂದು ಗುಂಡಿ ಇದೆ. ಲಕ್ಸ್ (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ತೆರೆಯುವಾಗ, ಎನ್‌ಕ್ರಿಪ್ಟ್ ಆದ ಡಿಸ್ಕ್‌ಗಳ ಪಟ್ಟಿಯಾದ ಕ್ರಿಪ್ಟ್‌ಟ್ಯಾಬ್ ಫೈಲ್‌ನಲ್ಲಿ ಏನು ಹೆಸರಿದೆಯೋ ಅದೇ ಹೆಸರು ಕೊಡಬೇಕು. ಫೈಲ್ ಮ್ಯಾನೇಜರ್‌ನಲ್ಲಿ ಸುಮ್ನೆ ಕ್ಲಿಕ್ ಮಾಡಿದರೆ ಅದು ತನ್ನದೇ ಒಂದು ಉದ್ದ ಹೆಸರು ಇಡುತ್ತದೆ. ಆಗ ಹೊಸ ಇನಿಟ್‌ಆರ್‌ಡಿ ಒಳಗೆ ಡಿಸ್ಕ್ ತೆರೆಯುವ ವಿವರ ಸೇರುವುದಿಲ್ಲ. ಬೂಟ್ ಆಗುವಾಗ ಪಾಸ್‌ವರ್ಡ್ ಕೇಳದೆ ಸೀದಾ ಇನಿಟ್‌ರ‍್ಯಾಮ್‌ಎಫ್‌ಎಸ್ ಪ್ರಾಂಪ್ಟ್‌ಗೆ (ಕಮಾಂಡ್ ಹೊಡೆಯೋ ಖಾಲಿ ಸಾಲಿಗೆ) ಬಂದು ಬೀಳುತ್ತದೆ.

ಪ್ಯಾನಿಕ್ ಏನೂ ಇಲ್ಲ, ಬರೀ ಕಪ್ಪು ಸ್ಕ್ರೀನ್ ಅನ್ನೋರಿಗೆ ಇದ್ಯಾವುದೂ ಬೇಡ. ಗ್ರಬ್‌ನಲ್ಲಿ 'ಇ' ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೆಗೆ ನೋಮೋಡ್‌ಸೆಟ್ (ಗ್ರಾಫಿಕ್ಸ್ ಡ್ರೈವರ್ ಬಿಟ್ಟು ಸರಳ ಸ್ಕ್ರೀನ್‌ನಲ್ಲಿ ಏಳಿಸೋ ಪದ) ಸೇರಿಸಿ, ಎಫ್10 ಒತ್ತಿ. ಎದ್ದರೆ ಅದು ಗ್ರಾಫಿಕ್ಸ್ ಡ್ರೈವರ್ ಕಥೆ. ಎನ್‌ವಿಡಿಯಾ ಇರೋರು ಸೆಕ್ಯೂರ್ ಬೂಟ್ (ನಂಬಿಕಸ್ಥ ಡಿಜಿಟಲ್ ಸಹಿ ಇಲ್ಲದ ಬೂಟ್ ಫೈಲ್, ಡ್ರೈವರ್ ತಡೆಯೋ ವ್ಯವಸ್ಥೆ) ಆನ್ ಇಟ್ಟುಕೊಂಡು, ನೀಲಿ ಸ್ಕ್ರೀನ್‌ನಲ್ಲಿ ಮೋಕ್ ಎನ್‌ರೋಲ್ (ಡ್ರೈವರ್‌ನ ಸಹಿ ಕೀಯನ್ನು ಒಪ್ಪಿಕೊಳ್ಳೋದು) ಕೇಳಿದಾಗ ಏನೋ ಒಂದು ಅಂತ ಎಂಟರ್ ಒತ್ತಿ ದಾಟಿಸಿದ್ದರೆ ಡ್ರೈವರ್ ಲೋಡ್ ಆಗಲ್ಲ. ಕಾರ್ಡ್ ಚೆನ್ನಾಗಿದೆ, ಇಲ್ಲ ಅನ್ನಲ್ಲ, ಆದರೆ ಲಿನಕ್ಸ್‌ಗೆ ಅಂತಲೇ ಲ್ಯಾಪ್‌ಟಾಪ್ ಕೊಳ್ಳೋದಾದರೆ ನನ್ನ ಓಟು ಎಎಮ್‌ಡಿಗೆ.

ವಿಂಡೋಸ್ ಜೊತೆಗಿಟ್ಟುಕೊಂಡವರು ಇನ್ನೂ ಹುಷಾರಾಗಿರಬೇಕು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಎಷ್ಟೋ ಜನರ ಲಿನಕ್ಸ್ 'ಶಿಮ್ ಎಸ್‌ಬ್ಯಾಟ್' ಎರರ್ (ಲಿನಕ್ಸ್‌ನ ಬೂಟ್ ಫೈಲ್ ಹಳೆಯದು ಅಂತ ಸೆಕ್ಯೂರ್ ಬೂಟ್ ತಡೆಯೋದು) ಕೊಟ್ಟು ನಿಂತಿತ್ತು, ನೆನಪಿದೆ ಅಲ್ವಾ? ಅಲ್ಲೂ ತುಂಬಾ ಜನ ಫಾರ್ಮ್ಯಾಟ್‌ಗೇ ಕೈ ಹಾಕಿದ್ದರು. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿದರೆ ಲಿನಕ್ಸ್ ಏಳುತ್ತಿತ್ತು. ಆದರೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಇದ್ದರೆ ಸೆಕ್ಯೂರ್ ಬೂಟ್ ಮುಟ್ಟುವ ಮೊದಲು 48 ಅಂಕಿಯ ರಿಕವರಿ ಕೀ ಕೈಯಲ್ಲಿರಲಿ. ಅದೇ ಲ್ಯಾಪ್‌ಟಾಪ್ ಒಳಗೆ ಸೇವ್ ಮಾಡಿ ಇಡಬೇಡಿ ಮತ್ತೆ!

ಪೆನ್‌ಡ್ರೈವ್‌ಗೆ ನಾನು ವೆಂಟಾಯ್ ಹಾಕಿಟ್ಟಿದ್ದೇನೆ. ಐಎಸ್‌ಒ ಫೈಲ್ ಸುಮ್ನೆ ಕಾಪಿ ಮಾಡಿದರೆ ಸಾಕು, ಪ್ರತಿ ಸಲ ಬರ್ನ್ ಮಾಡೋ ಗೋಳಿಲ್ಲ. ಇನ್ನು, ಕ್ರೂಟ್‌ವರೆಗೆ ಹೋದರೂ ಆಗಲಿಲ್ಲ, ಫಾರ್ಮ್ಯಾಟೇ ಗತಿ ಅಂತಾದರೆ, ಅದೇ ಲೈವ್ ಪೆನ್‌ಡ್ರೈವ್‌ನಿಂದ ಹೋಮ್ ಫೋಲ್ಡರ್ ಪೂರ್ತಿ ಹೊರಗಿನ ಡಿಸ್ಕ್‌ಗೆ ಎಳೆದುಕೊಂಡು ಆಮೇಲೆ ಮಾಡಿ. ನಾನು ಅದನ್ನೂ ಮಾಡಿರಲಿಲ್ಲ.

ಈಗ ಹಳೆ ಕರ್ನಲ್ ಎದ್ದಿತಾ ಹೇಳಿ. ಎದ್ದರೆ ಡಿಎಫ್ ಔಟ್‌ಪುಟ್ ಫೋಟೋ ತೆಗೆದು ಹಾಕಿ, ಏನು ಅಳಿಸಬಹುದು ಅಂತ ನೋಡೋಣ. ಅಲ್ಲಿವರೆಗೆ ಏನೂ ಡಿಲೀಟ್ ಮಾಡಬೇಡಿ.